ಔಷಧದಂಗಡಿಯ ಹೊಸ ಲೆಕ್ಕ

ಔಷಧದಂಗಡಿಯ ದಾಸ್ತಾನಿನ ಲೆಕ್ಕವನ್ನು ಈಗ ಬಹುಮಟ್ಟಿಗೆ ಕಂಪ್ಯೂಟರೇ ಇಡುತ್ತಿರುವುದನ್ನು ನಮ್ಮ ವಾಚಕರು ಬಲ್ಲರು. ಮೊದಲು ಮಾತ್ರೆಯ ಹೆಸರನ್ನೂ ಒಟ್ಟು ಸಂಖ್ಯೆಯನ್ನೂ ಬರೆದಿಟ್ಟರೆ ಸಾಕೆನ್ನುವ ಅಂಗಡಿಗಳಿದ್ದುವು. ಈಗಿನ ತಂತ್ರಾಂಶವು ಒಂದೇ ಮಾತ್ರೆಯನ್ನೂ ಬ್ಯಾಚುವಾರಾಗಿ ಬೇರೆ ಬೇರೆ ಎಣಿಸಿ, ಯಾವುದರ ಅವಧಿ ಮೊದಲು ತೀರುವುದೋ ಅದನ್ನೇ ಮೊದಲು ಮಾರುವಂತೆ ಸೂಚಿಸುತ್ತದೆ. 2023ರ ಆಗಸ್ಟ್ 1ರಿಂದ ಭಾರತದಲ್ಲಿ 300 ಬ್ರಾಂಡುಗಳ ಔಷಧಗಳಿಗೆ ಬಾರ್‌ಕೋಡ್ ಇಲ್ಲವೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ಬ್ಯಾಚೂ ಅವಧಿಯೂ ಅದರಲ್ಲೇ ಅಡಗಿರುತ್ತವೆ.

ಇದು ಒಳ್ಳೆಯದೇ. ಆದರೆ ಅಂಗಡಿಯ ನಷ್ಟವನ್ನು ತಪ್ಪಿಸುವ ಈ ಕ್ರಮವೇ ಅವಧಿ ಸಮೀಪಿಸಿದ ಮಾತ್ರೆಯನ್ನು ನಮ್ಮ ಕೈಗಿಡುತ್ತದೆ. ಎರಡು ದಿನದ ಜ್ವರಕ್ಕೆ ಅದರಿಂದ ಬಾಧಕವಿಲ್ಲ. ರಕ್ತದೊತ್ತಡಕ್ಕೆಂದು ಮೂರು ತಿಂಗಳ ಮಾತ್ರೆಗಳನ್ನು ಒಮ್ಮೆಗೇ ಕೊಳ್ಳುವ ಗೃಹಸ್ಥರು ಮಾತ್ರ ಹಣ ಕೊಡುವ ಮುನ್ನ ಪ್ರತಿಯೊಂದು ಸ್ಟ್ರಿಪ್ಪಿನ ತಾರೀಖನ್ನೂ ನೋಡಿ, ಸಾಲದಿದ್ದರೆ ಬೇರೆ ಬ್ಯಾಚನ್ನು ಕೇಳತಕ್ಕದ್ದು.