ಮೂರನೆಯವರು ಎಂಬ ಎಣಿಕೆ



2020ರಲ್ಲಿ ಡಾ. ಮಾಧುರಿ ಕಾನಿಟ್ಕರ್ ಅವರು ಲೆಫ್ಟಿನೆಂಟ್ ಜನರಲ್ ಆದಾಗ, ಭಾರತದ ಸಶಸ್ತ್ರ ಪಡೆಗಳಲ್ಲಿ ಆ ಮಟ್ಟಕ್ಕೇರಿದ ಮೂರನೆಯ ಮಹಿಳೆಯೆಂದು ಪತ್ರಿಕೆಗಳು ಕೊಂಡಾಡಿದವು. ಈ ಉಪಾಧ್ಯಾಯನ ಮನಸ್ಸು ಮಾತ್ರ ಬೇರೊಂದು ಸಂಗತಿಯಲ್ಲಿ ನಿಂತಿತು. ಮಕ್ಕಳ ಮೂತ್ರಪಿಂಡ ರೋಗಗಳ ತಜ್ಞೆಯಾದ ಅವರು, ತಾವು ಓದಿದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿಗೇ ಡೀನ್ ಆಗಿದ್ದರು. 2021ರಲ್ಲಿ ನಾಸಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದರು.

ವೈದ್ಯರು ಉಳಿಸುವುದು ತಮ್ಮೆದುರಿಗೆ ಬಂದ ಮಗುವನ್ನು. ವೈದ್ಯರನ್ನು ತಿದ್ದುವ ಗುರುಗಳು ತಾವೆಂದೂ ಕಾಣದ ಊರಿನ ಮಕ್ಕಳನ್ನೂ ಉಳಿಸುತ್ತಾರೆ. ಆದರೂ ಜಾಣ ಮಕ್ಕಳನ್ನು ‘ಡಾಕ್ಟರಾಗು’ ಎಂದು ಹರಸಿದ ನಾನು, ‘ಡಾಕ್ಟರರಿಗೆ ಗುರುವಾಗು’ ಎಂದು ಒಮ್ಮೆಯೂ ಹೇಳಲಿಲ್ಲ. ನಿಮ್ಮಲ್ಲಿ ವೈದ್ಯರಾದವರಿಗೆ ಆ ಮಾತನ್ನು ಇಂದು ಹೇಳುತ್ತಿದ್ದೇನೆ. ತಡವಾದುದಕ್ಕೆ ಕ್ಷಮೆಯಿರಲಿ.