ಮರೆವು ಮತ್ತು ಮೂಕ ಒಡನಾಡಿ

‘ಅರವತ್ತಕ್ಕೆ ಅರಳುಮರಳು’ ಎಂಬುದು ಹಳೆಯ ಮಾತು. ಮುಪ್ಪಿನೊಡನೆ ಬುದ್ಧಿ ಮಂಕಾಗುವುದು ಸಹಜವೆಂಬ ಭಾವನೆಯನ್ನು ಈ ಮಾತು ಜನಮನದಲ್ಲಿ ಬೇರೂರಿಸಿದೆ. ವೈದ್ಯವಿಜ್ಞಾನವು ಇದನ್ನು ಒಪ್ಪುವುದಿಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವುದು ಮುಪ್ಪಿನ ಸಾಮಾನ್ಯ ಮರೆವು. ಹೆತ್ತ ಮಗನ ಹೆಸರನ್ನೂ ಬಾಳಿದ ಮನೆಯ ದಾರಿಯನ್ನೂ ಮರೆಯುವುದು ರೋಗದ ಲಕ್ಷಣ. ಇಂತಹ ಸ್ಥಿತಿಗೆ ಡಿಮೆನ್ಷಿಯಾ ಎಂದು ಹೆಸರು. ಅದಕ್ಕೆ ಮುಖ್ಯ ಕಾರಣವಾದ ರೋಗವನ್ನು 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರನು ಮೊದಲಿಗೆ ವಿವರಿಸಿದನು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ಸುಮಾರು 7 ಮಂದಿ ಡಿಮೆನ್ಷಿಯಾಕ್ಕೆ ಒಳಗಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಆಲ್‌ಝೈಮರ್ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧವು ಇನ್ನೂ ದೊರೆತಿಲ್ಲ. ಆದುದರಿಂದ ಆರೈಕೆಯೇ ಇಲ್ಲಿ ದೊಡ್ಡ ಆಸರೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಅನೇಕ ಮನೆಗಳು ಅಡಿಕೆ ತೋಟದ ಅಂಚಿನಲ್ಲಿ ಒಂಟಿಯಾಗಿ ನಿಂತಿವೆ. ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ ಮೇಲೆ ಹಿರಿಯರಷ್ಟೇ ಉಳಿದ ಮನೆಗಳೂ ಉಂಟು. ಮಳೆಗಾಲದಲ್ಲಂತೂ ನೆರೆಯವರ ಮುಖ ಕಾಣುವುದೇ ಅಪರೂಪ. ಇಂತಹ ಮನೆಯಲ್ಲಿ ಅಜ್ಜಿಗೆ ಮರೆವು ಆರಂಭವಾಯಿತೆನ್ನೋಣ. “ಇನ್ನು ಇವರಿಗೆ ದನಕರುಗಳ ಗೊಡವೆ ಏಕೆ?” ಎಂದು ಮನೆಯವರು ಕೊಟ್ಟಿಗೆಯನ್ನು ಬರಿದು ಮಾಡುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಅದರಿಂದ ಅಜ್ಜಿಗೆ ದೊರೆಯುವುದು ವಿಶ್ರಾಂತಿಯೋ, ಶೂನ್ಯವೋ?

ನೆನಪು ಎಂಬುದು ಒಂದೇ ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ. ಆಲ್‌ಝೈಮರ್ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಅಳಿಯುವುದು ಹೊಸ ಸಂಗತಿಗಳ ನೆನಪು. ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನ ಬೇರೆ ಭಾಗಗಳನ್ನು ಅವಲಂಬಿಸಿರುವುದರಿಂದ ಹೆಚ್ಚು ಕಾಲ ಬಾಳುತ್ತದೆ. ಬೆಳಿಗ್ಗೆ ಉಂಡುದನ್ನು ಮರೆತ ಅಜ್ಜಿಯು ಕರುವಿನ ಗಂಗೆದೊಗಲನ್ನು ತುರಿಸುವುದನ್ನು ಮರೆತಿರಲಾರಳು. ಕಲಗಚ್ಚಿನ ಪಾತ್ರೆ ಕೈಗೆ ಬಂದರೆ ಕಾಲು ತಾನಾಗಿ ಕೊಟ್ಟಿಗೆಯತ್ತ ನಡೆದೀತು.

ಇನ್ನೊಂದು ಸಂಗತಿಯೂ ಇದೆ. ಬಂದವರೆಲ್ಲರೂ “ನಾನು ಯಾರು, ಹೇಳಿ ನೋಡೋಣ” ಎಂದು ಹಿರಿಯರನ್ನು ಪರೀಕ್ಷಿಸುತ್ತಾರೆ. ಉತ್ತರ ತಪ್ಪಿದಾಗ ಅವರಿಗಾಗುವ ಅವಮಾನವನ್ನು ಯಾರೂ ಗಮನಿಸುವುದಿಲ್ಲ. ಹಸುವಾಗಲಿ ನಾಯಿಯಾಗಲಿ ಇಂತಹ ಪ್ರಶ್ನೆಯನ್ನು ಕೇಳದು. ಹೆಸರು ತಪ್ಪಿ ಕರೆದರೂ ಅದು ಬಳಿಗೆ ಬರುತ್ತದೆ.

ದೀರ್ಘಕಾಲದ ರೋಗಿಗಳಿಗೆ ಸಣ್ಣ ಸಾಕುಪ್ರಾಣಿಯು ಉತ್ತಮ ಸಂಗಾತಿಯೆಂದು ಫ್ಲಾರೆನ್ಸ್ ನೈಟಿಂಗೇಲಳು 1859ರಷ್ಟು ಹಿಂದೆಯೇ ಬರೆದಳು. ನೆದರ್ಲೆಂಡ್ಸ್ ದೇಶದಲ್ಲಿ ಡಿಮೆನ್ಷಿಯಾ ಇರುವವರು ಹಗಲನ್ನು ಕಳೆಯುವ ಕೃಷಿಕ್ಷೇತ್ರಗಳಿವೆ. ಅಲ್ಲಿ ಅವರು ದನಕೋಳಿಗಳಿಗೆ ಮೇವು ಹಾಕುತ್ತಾರೆ. ಅಲ್ಲಿ ಏರ್ಪಡಿಸಬೇಕಾದುದು ಮಲೆನಾಡಿನಲ್ಲಿ ಮನೆಯ ಹಿಂದೆಯೇ ಇದೆ.

ಆದರೆ ಇದನ್ನು ಔಷಧವೆಂದು ಭ್ರಮಿಸಬಾರದು. 305 ಮಂದಿಯನ್ನೊಳಗೊಂಡ 9 ಪ್ರಯೋಗಗಳನ್ನು 2019ರಲ್ಲಿ ಪರಿಶೀಲಿಸಿದ ತಜ್ಞರು, ಪ್ರಾಣಿಗಳ ಒಡನಾಟದಿಂದ ಖಿನ್ನತೆ ಕೊಂಚ ತಗ್ಗಬಹುದೆಂದಷ್ಟೇ ಹೇಳಿದರು. ಎಚ್ಚರಿಕೆಯೂ ಅಗತ್ಯ. ಜಾರುವ ಕೊಟ್ಟಿಗೆಯಲ್ಲಿ ಹಿರಿಯರನ್ನು ಒಬ್ಬರನ್ನೇ ಬಿಡಬಾರದು. ಹಾಯುವ ಹಸುವನ್ನು ದೂರವಿಡಬೇಕು. ನಾಯಿಗೆ ಹುಚ್ಚುರೋಗದ ಲಸಿಕೆ ಹಾಕಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣ್ಣೆಗಳಿಂದ ಹರಡುವುದರಿಂದ, ಕಾಡಿಗೆ ಮೇಯಲು ಹೋಗಿ ಬಂದ ದನದ ಮೈಯನ್ನು ಪರೀಕ್ಷಿಸಬೇಕು. ಮೇವು ಹಾಕಲು ಮರೆತರೆ ಪ್ರಾಣಿಯು ಉಪವಾಸ ಬೀಳದಂತೆಯೂ ನೋಡಿಕೊಳ್ಳಬೇಕು.

ಇವೆಲ್ಲಕ್ಕೂ ಮನುಷ್ಯರೇ ಬೇಕು. ದನವನ್ನು ಕಟ್ಟಿಕೊಟ್ಟು ಮಕ್ಕಳು ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಸಾಕಲು ಶಕ್ತಿಯಿರುವ ಮನೆಯವರು ಕೊಟ್ಟಿಗೆಯಲ್ಲಿ ಒಂದು ಹಸುವನ್ನಾದರೂ ಉಳಿಸಿಕೊಳ್ಳಲಿ. ಸಂಜೆ ಶಾಲೆಯಿಂದ ಬಂದ ಮೊಮ್ಮಗನು ಅಜ್ಜಿಯ ಕೈಹಿಡಿದು ಅಲ್ಲಿಗೆ ಕರೆದೊಯ್ಯಲಿ. ಅವಳು ಅವನ ಹೆಸರನ್ನು ಮರೆತಿದ್ದರೂ, ಕರುವಿಗೆ ಹುಲ್ಲು ಹಾಕುವ ಕ್ರಮವನ್ನು ಅವನಿಗೆ ಕಲಿಸಬಲ್ಲಳು.