ಒರಿಜಿನಲ್ ಮಾಡ್ತೀನಿ ಅಂದ್ರೆ ಕೊಡಬೇಡಿ!

ಮಾಗಡಿ ಕಡೆ ಒಂದು ತೋಟದ ಶೆಡ್ಡಿನಲ್ಲಿ ಹಳೇ ರೇಸ್ ಕಾರೊಂದು ಮಾರಾಟಕ್ಕಿದೆ. ಸಿಪಾನಿ ಡಾಲ್ಫಿನ್. ಈಗಿನ ಹುಡುಗರಿಗೆ ಹೆಸರೇ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಮೊದಲು ಸ್ವಲ್ಪ ಹಿನ್ನೆಲೆ.

ಡಾಲ್ಫಿನ್ ನಮ್ಮ ಬೆಂಗಳೂರಿನ ಕಾರು. ಸಿಪಾನಿಯವರು ಮೊದಲು 'ಬಾದಲ್' ಅನ್ನೋ ಮೂರು ಚಕ್ರದ ವಿಚಿತ್ರ ಕಾರು ಮಾಡಿದ್ದರು. ಆಮೇಲೆ 1982ರಲ್ಲಿ ಇದನ್ನು ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ನಮ್ಮೂರ ಅವತಾರ ಅನ್ನಿ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು, ಕೆಳಗೆ ಉಕ್ಕಿನ ಚಾಸಿ, ಮೇಲೆ ಫೈಬರ್ ಬಾಡಿ. ಅಂಬಾಸಿಡರ್, ಫಿಯೆಟ್ ನೋಡಿದ ಕಣ್ಣಿಗೆ ಇದು ಆಟದ ಸಾಮಾನಿನ ಹಾಗೆ ಕಾಣುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿದ್ದೇ ತಡ, ಡಾಲ್ಫಿನ್‌ನ ವ್ಯಾಪಾರ ಮಲಗಿತು.

ಆದರೆ ಒಂದು ಕಡೆ ಮಾತ್ರ ಇದಕ್ಕೆ ಮರ್ಯಾದೆ ಇತ್ತು. ರೇಸು, ರ‍್ಯಾಲಿಗಳಲ್ಲಿ. ಮೈ ಹಗುರ, ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ಓಡಿಸೋಕೆ ಬಂದವರಿಗೆ ಇನ್ನೇನು ಬೇಕು! ಆಗ ನಮ್ಮ ಕಡೆಯ ರೇಸ್ ಹುಚ್ಚರಿಗೆ ಮದರಾಸಿನ ಹತ್ತಿರದ ಶೋಳಾವರಂ ಕಾಶಿ ಇದ್ದ ಹಾಗೆ. ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಅದು. ವಿದೇಶದಿಂದ ರೇಸ್ ಕಾರು ತರಿಸೋದು ಎಲ್ಲರ ಕೈಲಿ ಆಗುವ ಮಾತಾಗಿರಲಿಲ್ಲ. ಹಾಗಾಗಿ ಇರುವ ಕಾರನ್ನೇ ಬಿಚ್ಚಿ, ಕೊಯ್ದು, ಬೆಸೆದು ರೇಸ್ ಕಾರು ಮಾಡಿಕೊಳ್ಳುತ್ತಿದ್ದರು.

ಮಾಗಡಿಯ ಈ ಕಾರೂ ಅಂಥದ್ದೇ. ಹಿಂದಿನ ಸೀಟಿಲ್ಲ. ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ಒಳಗೆ ಕಬ್ಬಿಣದ ಪೈಪು ಬಗ್ಗಿಸಿ ಬೆಸೆದ ಪಂಜರ. ತೂಕ ಇಳಿಸೋಕೆ ಅಂತ ಪೆಡಲ್‌ಗಳಿಗೂ ತೂತು ಕೊರೆದಿದ್ದಾರೆ ಮಹಾನುಭಾವರು :) ಬಾನೆಟ್ಟಿನ ಮೇಲೆ ಫೈಬರಿನಲ್ಲೇ ಕೈಯಾರೆ ಎಬ್ಬಿಸಿದ ಒಂದು ಗುಬುಟು, ಅದರ ಕೆಳಗೆ ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಕಾರ್ಬ್ಯುರೇಟರ್.

ಕೊಳ್ಳೋಕೆ ಬಂದ ಬೆಂಗಳೂರಿನ ಒಬ್ಬರು ಎಲ್ಲ ನೋಡಿ, "ಈ ಪಂಜರ ಗಿಂಜರ ಎಲ್ಲ ಕಿತ್ತು ಒರಿಜಿನಲ್ ಮಾಡಿಸ್ತೀನಿ. ಶೋರೂಮಿಂದ ಈಗ ತಾನೇ ಬಂದ ಹಾಗಿರಬೇಕು" ಅಂದರಂತೆ. ಮಾರುವವರಿಗೂ ಅದು ಸರಿ ಅನ್ನಿಸಿದೆ. ನನಗೆ ಮಾತ್ರ ಹೊಟ್ಟೆ ಉರಿದುಹೋಯ್ತು.

ಯಾಕೆ ಅಂತೀರಾ? ಕಾರ್ಖಾನೆ ಡಾಲ್ಫಿನ್ ಮಾಡಿದ್ದು ಒಂದೇ ಅಚ್ಚಿನಲ್ಲಿ. ಹಾಗೇ ಉಳಿದ ಡಾಲ್ಫಿನ್ ಇನ್ನೆಲ್ಲಾದರೂ ಸಿಗಬಹುದು. ಈ ಗುಬುಟು, ಈ ಪಂಜರ, ಈ ತೂತಿನ ಪೆಡಲ್ ಇರೋದು ಇದೊಂದೇ ಕಾರಿನಲ್ಲಿ. ಅದನ್ನು ಕಿತ್ತರೆ ಹತ್ತರ ಜತೆ ಹನ್ನೊಂದನೆಯ ಡಾಲ್ಫಿನ್ ಆಗುತ್ತೆ, ಇದ್ದ ಒಂದೇ ಒಂದು ರೇಸ್ ಕಾರು ಹೋಗುತ್ತೆ. ಹೆಸರು ಯಾವ ಪತ್ರಿಕೆಯಲ್ಲೂ ಬರದ ಯಾವನೋ ಮೆಕ್ಯಾನಿಕ್ಕು ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸಕ್ಕೆ ಇರುವ ಸಾಕ್ಷಿ ಅದೊಂದೇ.

ಚನ್ನಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲೆ ಮರದ ತುಂಡನ್ನು ತಿರುಗಿಸಿ, ಅರಗಿನ ಬಣ್ಣ ಒತ್ತಿ, ತಾಳೆಗರಿಯಲ್ಲಿ ಹೊಳಪು ಕೊಡೋದು ಎಲ್ಲರೂ ಮಾಡುವ ಕೆಲಸವೇ. ಆದರೂ ಒಬ್ಬರ ಕೈ ಇನ್ನೊಬ್ಬರಿಗೆ ಬರಲ್ಲ. ಪಕ್ಕದ ಬಿಡದಿಯಲ್ಲಿ 1999ರ ಕೊನೆಯಿಂದ ಟೊಯೊಟಾ ಕಾರ್ಖಾನೆ ಕಾರು ತಯಾರಿಸುತ್ತಿದೆ. ಅಲ್ಲಿ ಒಂದು ಕಾರು ಇನ್ನೊಂದರ ಹಾಗೇ ಇರಬೇಕು, ಅದೇ ಅದರ ಹೆಚ್ಚುಗಾರಿಕೆ. ಶೆಡ್ಡಿನ ಕಾರಿನ ಹೆಚ್ಚುಗಾರಿಕೆ ಇನ್ನೊಂದರ ಹಾಗೆ ಇಲ್ಲದಿರೋದು. ಎರಡಕ್ಕೂ ಒಂದೇ ಅಳತೆಗೋಲು ಹಿಡಿದರೆ ಹೇಗೆ?

"ಅಷ್ಟೆಲ್ಲ ಬದಲಾದ ಮೇಲೆ ಅದು ಡಾಲ್ಫಿನ್ನೇ ಅಲ್ಲ ಬಿಡಿ" ಅನ್ನುವವರಿಗೆ ಒಂದು ಕೋರ್ಟ್ ಕೇಸಿನ ಕಥೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲಮಾನ್ 24 ಗಂಟೆಯ ರೇಸು ಗೆದ್ದ 'ಓಲ್ಡ್ ನಂಬರ್ ಒನ್' ಅನ್ನೋ ಬೆಂಟ್ಲಿ ಇತ್ತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಪಘಾತವಾಗಿ ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತರು. ಆಮೇಲೆ ಅದಕ್ಕೆ ಬೇರೆ ಬಾಡಿ ಬಂತು. ಎಂಜಿನ್ನು, ಚಾಸಿ ಎಲ್ಲ ಬೇರೆ ಬೇರೆ ಕಾಲಕ್ಕೆ ಬದಲಾಗಿದ್ದವು. ಮುಂದೆ ಅದು 1 ಕೋಟಿ ಪೌಂಡಿಗೆ ಮಾರಾಟಕ್ಕೆ ಕುದುರಿದಾಗ ಕೊಳ್ಳುವವರು "ಇದು ಅಸಲಿ ಕಾರೇ ಅಲ್ಲ" ಅಂತ ತಕರಾರು ತೆಗೆದರು. 1990ರಲ್ಲಿ ಲಂಡನ್ನಿನ ಹೈಕೋರ್ಟು ಮಾರಿದವರ ಪರ ತೀರ್ಪು ಕೊಟ್ಟಿತು. 1929ರ ಭಾಗಗಳು ಹೆಚ್ಚೇನೂ ಉಳಿದಿಲ್ಲ ನಿಜ, ಆದರೆ ಬದಲಾವಣೆ ಹಂತ ಹಂತವಾಗಿ ಆಗಿದೆ, ಅದರ ಚರಿತ್ರೆ ಎಲ್ಲೂ ತುಂಡಾಗಿಲ್ಲ, ಹಾಗಾಗಿ ಆ ಹೆಸರು ಅದರದ್ದೇ ಅಂತ. ನಮ್ಮ ರಾಮನಗರವೇ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಆಗಿತ್ತು, ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಆಯ್ತು. ಊರು ಬೇರೆ ಆಯ್ತಾ? ಇಲ್ಲ ತಾನೇ.

ಇನ್ನು ಕಾನೂನಿನ ಮಾತು. ಒರಿಜಿನಲ್ ಮಾಡುವ ಆಸೆಗೆ ಅದೂ ಒಂದು ಕಾರಣ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಒಳ್ಳೇ ಕೆಲಸವೇ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ 'ವಿಎ' ಅನ್ನೋ ಗುರುತು. ಆದರೆ ಷರತ್ತು ನೋಡಿ: ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಡಾಲ್ಫಿನ್‌ಗೆ 50 ತುಂಬಲು 2032 ಬರಬೇಕು. ಬಂದರೂ ಕೈಯಾರೆ ಕಟ್ಟಿದ ರೇಸ್ ಕಾರಿಗೆ ಈ ಬಾಗಿಲು ತೆರೆಯಲ್ಲ. ಮಹಾರಾಜರ ರೋಲ್ಸ್‌ರಾಯ್ಸಿಗೆ ಸಿಗುವ ಮನ್ನಣೆ ಮೆಕ್ಯಾನಿಕ್ಕಿನ ಕಾರಿಗೆ ಇಲ್ಲ. ಆ ಕಾಲದ ರೇಸ್ ಕಾರುಗಳಿಗೇ ಅಂತ ಇನ್ನೊಂದು ವರ್ಗ ಮಾಡಿದರೆ ಗಂಟೇನು ಹೋಗುತ್ತೆ? ರಸ್ತೆಗೆ ಬೇಡ, ಪ್ರದರ್ಶನಕ್ಕೆ, ರ‍್ಯಾಲಿಗೆ ಸಾಕು.

ಹಾಗಂತ ಇದನ್ನು ದಿನಾ ಮಾಗಡಿ ರಸ್ತೆಯಲ್ಲಿ ಓಡಿಸಿ ಅಂತ ನಾನು ಹೇಳ್ತಿಲ್ಲ. ಮಾರ್ಪಾಡು ಮಾಡಿದ ವಾಹನ ರಸ್ತೆಗೆ ಇಳಿಯೋದು ತಪ್ಪು, ಅಪಾಯ ಕೂಡ. ಲಾರಿ ಮೇಲೆ ಹಾಕಿಕೊಂಡು ಟ್ರ್ಯಾಕಿಗೆ ಒಯ್ಯಲಿ. ಬ್ರೇಕು, ಪೆಟ್ರೋಲ್ ಪೈಪು, ಟೈರು ಹೊಸದು ಹಾಕಲಿ. ಫೈಬರ್ ತುಕ್ಕು ಹಿಡಿಯಲ್ಲ ಅಂತ ನಂಬಿ ಕೆಳಗಿನ ಚಾಸಿ ನೋಡದೆ ಇರಬೇಡಿ, ತುಕ್ಕು ತಿನ್ನೋದು ಅದನ್ನೇ. ಆದರೆ ಕಿತ್ತ ಪ್ರತಿ ತುಂಡನ್ನೂ ಗುಜರಿಗೆ ಹಾಕದೆ ಚೀಟಿ ಕಟ್ಟಿ ಇಡಿ. ರೇಸ್ ಕಾರನ್ನು ಒರಿಜಿನಲ್ ಮಾಡೋದು ಮುಂದೆ ಯಾವಾಗ ಬೇಕಾದರೂ ಆಗುತ್ತೆ. ಒರಿಜಿನಲ್ ಆದದ್ದನ್ನು ಮತ್ತೆ ಆ ರೇಸ್ ಕಾರು ಮಾಡೋಕೆ ಆಗಲ್ಲ.

ಮಾರುವವರಿಗೆ ನನ್ನದೊಂದು ಸಲಹೆ. ಬೆಲೆ ಆಮೇಲೆ ಮಾತಾಡಿ. ಮೊದಲು ಆರ್‌ಸಿ ಜತೆಗೆ ಹಳೇ ಫೋಟೋ, ಗ್ಯಾರೇಜಿನ ಬಿಲ್ಲು, ರೇಸಿನ ಕಾಗದ ಏನಿದೆಯೋ ಎಲ್ಲ ಒಂದು ಫೈಲ್ ಮಾಡಿ. ಕಟ್ಟಿದ ಮೆಕ್ಯಾನಿಕ್ಕು ಬದುಕಿದ್ದರೆ ಕಾರಿನ ಮುಂದೆ ಕೂರಿಸಿ ಅವರ ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಆ ಫೈಲ್ ಇದ್ದರೆ ಇದು ರೇಸ್ ಕಾರು. ಇಲ್ಲದಿದ್ದರೆ ಒಂದಿಷ್ಟು ಫೈಬರು, ಒಂದಿಷ್ಟು ಕಬ್ಬಿಣ.

ಬ್ಲಾಗ್ ಮಿತ್ರರೇ, ಕನಕಪುರವೋ ಕಾರ್ಕಳವೋ, ನಿಮ್ಮೂರಿನ ಯಾವುದಾದರೂ ಶೆಡ್ಡಿನಲ್ಲೂ ಇಂಥದ್ದೊಂದು ಧೂಳು ತಿನ್ನುತ್ತಾ ಇರಬಹುದು. ಬೈಕಾದರೂ ಸರಿ, ಜೀಪಾದರೂ ಸರಿ. ಕಟ್ಟಿದವರನ್ನು ಹುಡುಕಿ, ಅವರು ಒಪ್ಪಿದರೆ ಕಥೆ ಬರೆಯಿರಿ. ಕಾರನ್ನು ಯಾರೋ ದುಡ್ಡಿದ್ದವರು ಕೊಂಡುಕೊಳ್ತಾರೆ, ಕಥೆ ಉಳಿಸೋದು ಮಾತ್ರ ನಮ್ಮಂಥವರ ಕೈಲೇ ಇರೋದು.